ನಾಲ್ಕು ತಾಲೂಕಿನ ಬೈಕ್ ಸವಾರರಿಗೆ, ಸೈಲೆನ್ಸರ್ ಬಿಚ್ಚುವ ಮುನ್ನ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಬೈಕ್ ಸವಾರ ಗೆಳೆಯರೆ, ಆ ಬೈಕುಗಳಿಗೆ ಕೈ ಹಾಕುವ ಗ್ಯಾರೇಜಿನ ಅಣ್ಣಂದಿರೆ,

ಜೋಯಿಡಾ ಕಡೆಯಿಂದ ಕದ್ರಾಕ್ಕೆ ಅಣಶಿ ಘಟ್ಟ ಇಳಿಯುವಾಗ ಯಾವ ಸವಾರನೂ ಬ್ರೇಕನ್ನೇ ನಂಬಿ ಕೂರುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಎರಡನೆಯ ಗೇರೋ ಮೂರನೆಯದೋ ಹಾಕಿ, ಎಂಜಿನ್ನಿನ ಹಿಡಿತದಲ್ಲೇ ಬೈಕನ್ನು ಇಳಿಸುತ್ತಾನೆ. ಹೊಸ ಸೈಲೆನ್ಸರ್ ಹಾಕಿಸಿದ ಬೈಕುಗಳು ಪಟಾಕಿ ಸಿಡಿದಂತೆ ಸಿಡಿಯುವುದು ಇದೇ ಹೊತ್ತಿನಲ್ಲಿ. ಒಂದೊಂದು ತಿರುವಿಗೂ ಪಟ್, ಪಟಾರ್. ಎದುರು ಗುಡ್ಡಕ್ಕೆ ಬಡಿದು ಆ ಸದ್ದು ಮತ್ತೆ ವಾಪಸು ಬರುತ್ತದೆ. ಬೈಕಿನ ಮೇಲಿದ್ದ ಹುಡುಗನಿಗೆ ಅದು ಎಂಜಿನ್ನಿನ ತಾಕತ್ತು. ಅದೇ ಸದ್ದನ್ನು ಅನುಭವಸ್ಥ ಮೆಕ್ಯಾನಿಕ್ ಕೇಳಿದರೆ ಅವನಿಗೆ ತಿಳಿಯುವುದು ಬೇರೆಯದೇ: ಸಿಲಿಂಡರಿನಲ್ಲಿ ಉರಿಯಬೇಕಾದ ಪೆಟ್ರೋಲು ಅಲ್ಲಿ ಉರಿಯದೆ, ಪೈಪಿಗೆ ಬಂದು ಉರಿಯುತ್ತಿದೆ.

ಆ ಹುಡುಗನಿಗೂ ಈ ಮೆಕ್ಯಾನಿಕ್ಕಿಗೂ ನಡುವೆ ಇರುವ ತಿಳಿವಳಿಕೆಯ ಅಂತರದ ಬಗ್ಗೆಯೇ ಈ ಪತ್ರ. ಸೈಲೆನ್ಸರ್ ಬದಲಿಸಲು ಹೊರಟವರು ಮೊದಲು ಕೇಳುವ ಪ್ರಶ್ನೆ ಎಷ್ಟಾಗುತ್ತದೆ ಅಂತ. ಎರಡನೆಯದು ಸದ್ದು ಹೇಗೆ ಬರುತ್ತದೆ ಅಂತ. ಹಾಕಿದ ಮೇಲೆ ಟ್ಯೂನಿಂಗ್ ಮಾಡಿಸಬೇಕಾ ಎಂಬುದು ಮೂರನೆಯ ಪ್ರಶ್ನೆ, ಮತ್ತು ಎಂಜಿನ್ನಿನ ಆಯುಸ್ಸು ನಿಂತಿರುವುದು ಅದರ ಮೇಲೆಯೇ. ಎಷ್ಟೋ ಸಲ ಅದನ್ನು ಯಾರೂ ಕೇಳುವುದೇ ಇಲ್ಲ.

ಸೈಲೆನ್ಸರನ್ನು ಸದ್ದು ಅಡಗಿಸುವ ಡಬ್ಬಿ ಎಂದು ತಿಳಿದವರೇ ಹೆಚ್ಚು. ಎಂಜಿನ್ನಿಗೆ ಅದು ಮೂಗಿನ ಹೊಳ್ಳೆ ಇದ್ದ ಹಾಗೆ. ಒಂದೇ ಸಿಲಿಂಡರಿನ ಬುಲೆಟ್ ಐಡಲಿಂಗಿನಲ್ಲಿ ನಿಮಿಷಕ್ಕೆ ಸುಮಾರು 1,000 ಸುತ್ತು ತಿರುಗುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಹೊಗೆ ಬಿಡುವುದರಿಂದ ಸೆಕೆಂಡಿಗೆ ಎಂಟು ಉಸಿರು. ಕಿವಿ ಆ ಎಂಟನ್ನೂ ಬಿಡಿಬಿಡಿಯಾಗಿ ಹಿಡಿಯಬಲ್ಲದು. ಬುಲೆಟ್ಟಿನ ಡುಗ್ ಡುಗ್ ಎಂದರೆ ಇದೇ. 4,000 ಸುತ್ತಿಗೆ ಹೋದರೆ ಸೆಕೆಂಡಿಗೆ 33 ಉಸಿರಾಗಿ, ಸದ್ದು ಒಂದಕ್ಕೊಂದು ಅಂಟಿಕೊಂಡು ಗುಡುಗಾಗುತ್ತದೆ. ಪ್ರತಿ ಉಸಿರೂ ಪೈಪಿನೊಳಗೆ ಒತ್ತಡದ ಅಲೆಯಾಗಿ ಓಡುತ್ತದೆ. ಪೈಪಿನ ಬಾಯಿ ತಲುಪಿದ ಅಲೆ ಎಳೆತದ ಅಲೆಯಾಗಿ ತಿರುಗಿ ಎಂಜಿನ್ನಿಗೆ ವಾಪಸಾಗುತ್ತದೆ. ಎರಡೂ ವಾಲ್ವು ಕ್ಷಣಕಾಲ ತೆರೆದಿರುವ ಹೊತ್ತಿಗೆ ಸರಿಯಾಗಿ ಈ ಎಳೆತ ಬಂದು ಮುಟ್ಟಿದರೆ, ಹಳೆಯ ಹೊಗೆಯನ್ನು ಸೆಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಪೈಪಿನ ಉದ್ದ, ದಪ್ಪ, ಒಳಗಿನ ಜಾಲಿ ಎಲ್ಲವೂ ಈ ಲೆಕ್ಕಾಚಾರಕ್ಕೆ ಸೇರಿದವು.

"ಬ್ಯಾಕ್ ಪ್ರೆಶರ್ ಇಲ್ಲದಿದ್ದರೆ ಪಿಕಪ್ ಹೋಗುತ್ತದೆ" ಎಂಬ ಮಾತು ಎಲ್ಲ ಗ್ಯಾರೇಜಿನಲ್ಲೂ ಇದೆ. ಅಣ್ಣಂದಿರು ಕಂಡದ್ದು ನಿಜ, ಕೊಡುವ ಕಾರಣ ಮಾತ್ರ ಪೂರ್ತಿ ಸರಿಯಿಲ್ಲ. ಹೊಗೆಯ ಓಟಕ್ಕೆ ಅಡ್ಡಿಯಿದ್ದರೆ ಯಾವ ಎಂಜಿನ್ನಿಗೂ ಲಾಭವಿಲ್ಲ. ಅತಿ ದಪ್ಪದ, ಜಾಲಿ ತೆಗೆದ ಪೈಪಿನಲ್ಲಿ ಕಡಿಮೆ ಸುತ್ತಿನ ಹೊತ್ತಿಗೆ ಹೊಗೆಯ ವೇಗ ಕುಗ್ಗುತ್ತದೆ, ವಾಪಸು ಬರುವ ಅಲೆ ಹೊತ್ತು ತಪ್ಪುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಟ್ಯಾಂಕಿನ ಮೇಲೊಂದು ಅಕ್ಕಿ ಚೀಲ ಇಟ್ಟುಕೊಂಡು ಗಣೇಶಗುಡಿಯ ಏರು ಹತ್ತುವಾಗ ಬೇಕಾದ ಎಳೆತ ಹೋಗುವುದು ಹೀಗೆ.

ಇನ್ನು ಟ್ಯೂನಿಂಗ್. ಕೈಯಲ್ಲಿರುವ ಬೈಕು ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಕಾರ್ಬುರೇಟರ್ ಇರುವ ಹಳೆಯ ಬೈಕುಗಳಲ್ಲಿ ಬಹುಪಾಲು ಬೇಕೇ ಬೇಕು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಂಪನಿಯವರು ತಮ್ಮದೇ ಸೈಲೆನ್ಸರನ್ನು ಲೆಕ್ಕಕ್ಕೆ ಹಿಡಿದು ಜೆಟ್ ಕೂರಿಸಿರುತ್ತಾರೆ. ಸರಾಗ ಪೈಪು ಬಂದರೆ ಗಾಳಿಯ ಓಟದ ಲೆಕ್ಕ ಬದಲಾಗುತ್ತದೆ, ಆದರೆ ಜೆಟ್ಟಿನ ತೂತು ಅಷ್ಟೇ ಇರುತ್ತದೆ. ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ ಸಿಲಿಂಡರಿನಲ್ಲಿ ಸರಿಯಾಗಿ ಹೊತ್ತಿಕೊಳ್ಳದೆ ಪೈಪಿಗೆ ಜಾರಿ, ಅಲ್ಲಿನ ಕಾವಿಗೆ ಸಿಡಿಯುತ್ತದೆ. ಅಣಶಿಯ ಪಟಾಕಿ ಅದೇ. ಇದನ್ನು ಹಾಗೇ ಬಿಟ್ಟರೆ ಬೆಂಡ್ ಪೈಪ್ ನೀಲಿಗಟ್ಟುತ್ತದೆ, ರೇಸ್ ಕೊಟ್ಟಾಗ ಬೈಕು ಒಂದು ಗಳಿಗೆ ಮುಗ್ಗರಿಸುತ್ತದೆ, ಎಂಜಿನ್ ಬೇಗ ಕಾಯುತ್ತದೆ. ಕೊನೆಗೆ ಎಕ್ಸಾಸ್ಟ್ ವಾಲ್ವು ಸುಡುವವರೆಗೂ ಹೋಗಬಹುದು.

ಈಗ ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ದೇಶದ ಪೆಟ್ರೋಲ್ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ. ಹಳಿಯಾಳದ ರೈತರು ಟ್ರ್ಯಾಕ್ಟರಿಗೆ ಹೇರಿ ಕಾರ್ಖಾನೆಗೆ ಸಾಗಿಸುವ ಕಬ್ಬು ಆ ಎಥೆನಾಲಿನ ಮುಖ್ಯ ಮೂಲಗಳಲ್ಲಿ ಒಂದು. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಈ ಇಂಧನಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು. 14.7ರ ಜಾಗದಲ್ಲಿ ಸುಮಾರು 13.5. ಹಳೆಯ ಪೆಟ್ರೋಲಿಗೆ ಜೆಟ್ ಕೂರಿಸಿದ 2010ರ ಕಾರ್ಬುರೇಟರ್ ಈ ಪೆಟ್ರೋಲಿನಲ್ಲಿ ಸೈಲೆನ್ಸರ್ ಮುಟ್ಟುವ ಮೊದಲೇ ಸ್ವಲ್ಪ ತೆಳುವಾಗಿ ಓಡುತ್ತಿರುತ್ತದೆ. ಅದರ ಮೇಲೆ ಬಯಲು ಪೈಪು ಹಾಕಿದರೆ ಎರಡು ಕಡೆಯಿಂದಲೂ ಪೆಟ್ಟು. ಹತ್ತು ವರ್ಷದ ಹಿಂದೆ "ಏನೂ ಮಾಡಿಸಲಿಲ್ಲ, ಚೆನ್ನಾಗೇ ಓಡಿತು" ಎಂದವರ ಮಾತನ್ನು ಇವತ್ತು ನೆಚ್ಚಿಕೊಳ್ಳಬಾರದು ಎನ್ನುವುದು ಇದಕ್ಕೇ.

ಟ್ಯೂನಿಂಗ್ ಎಂದರೆ ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಸ್ಲೋ ಜೆಟ್ ಒಂದು ನಂಬರು ಮೇಲೆ, ಬೇಕಾದರೆ ಮೇನ್ ಜೆಟ್ ಒಂದೆರಡು ನಂಬರು ಮೇಲೆ, ಸೂಜಿಯ ಕ್ಲಿಪ್ಪು ಒಂದು ಗೆರೆ ಕೆಳಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಓಡಿಸಿ ನೋಡಬೇಕು. ಸ್ಕ್ರೂ ತಿರುಗಿಸುವಾಗ ಕಲಿಯುತ್ತಿರುವ ಹುಡುಗರು ಎಡವುವ ಜಾಗ ಒಂದಿದೆ. ಕಾರ್ಬುರೇಟರಿನ ಸ್ಕ್ರೂ ಏರ್ ಫಿಲ್ಟರಿನ ಬದಿಗಿದ್ದರೆ ಅದು ಗಾಳಿಯದು, ಬಿಚ್ಚಿದಷ್ಟೂ ಮಿಶ್ರಣ ತೆಳು. ಎಂಜಿನ್ನಿನ ಬದಿಗಿದ್ದರೆ ಅದು ಪೆಟ್ರೋಲಿನದು, ಬಿಚ್ಚಿದಷ್ಟೂ ದಪ್ಪ. ಎರಡೂ ಒಂದೇ ಎಂದುಕೊಂಡು ತಿರುಗಿಸಿದರೆ, ರೋಗ ವಾಸಿ ಮಾಡಲು ಹೋಗಿ ಹೆಚ್ಚು ಮಾಡಿದ ಹಾಗೆ.

ಕೆಲಸ ಸರಿಯಾಯಿತೋ ಇಲ್ಲವೋ ಎಂದು ಹೇಳುವ ಸಾಕ್ಷಿ ಪ್ಲಗ್ಗು. ಹಳಿಯಾಳದಿಂದ ಧಾರವಾಡದ ಕಡೆಗೆ ಹೋಗುವಂಥ ಸಮತಟ್ಟು ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರು ಒಂದೇ ಹದದ ರೇಸಿನಲ್ಲಿ ಓಡಿಸಿ, ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ, ರಸ್ತೆಯ ಬದಿಗೆ ನಿಲ್ಲಿಸಬೇಕು. ಬಟ್ಟೆ ಸುತ್ತಿದ ಕೈಯಿಂದ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿಯಬೇಕು. ತುದಿಯ ಪಿಂಗಾಣಿ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ಮಿಶ್ರಣ ಹದವಾಗಿದೆ. ಸುಣ್ಣದಂತೆ ಬೆಳ್ಳಗಿದ್ದರೆ ತೆಳು. ಕಾಡಿಗೆಯಂತೆ ಕಪ್ಪಾಗಿ, ಬೆರಳಿಗೆ ಮಸಿ ಮೆತ್ತಿದರೆ ದಪ್ಪ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಈ ಬಣ್ಣಗಳು ಮೊದಲಿನಷ್ಟು ಢಾಳಾಗಿ ಕಾಣುವುದಿಲ್ಲ. ಹೊಸ ಪ್ಲಗ್ ಹಾಕಿಕೊಂಡು ನೋಡಿದರೆ ಅನುಮಾನ ಕಡಿಮೆ. ಸೈಲೆನ್ಸರ್ ಕೂರಿಸಿಕೊಟ್ಟ ಅಣ್ಣಂದಿರು ದುಡ್ಡು ಎಣಿಸುವ ಮೊದಲು ಇದೊಂದನ್ನು ಗಿರಾಕಿಯ ಕಣ್ಣೆದುರೇ ಮಾಡಿ ತೋರಿಸಬೇಕು. ಹುಡುಗ ಕಲಿಯುತ್ತಾನೆ, ಮತ್ತೆ ಅದೇ ಗ್ಯಾರೇಜಿಗೇ ಬರುತ್ತಾನೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಕಡ್ಡಾಯವಾದ ಮೇಲೆ ಬಂದ ಬೈಕುಗಳ ಕತೆ ಬೇರೆ. ಹೊಸ ಕ್ಲಾಸಿಕ್ 350 ಇರಲಿ, ಹಿಮಾಲಯನ್ ಇರಲಿ, ಎರಡಕ್ಕೂ ಫ್ಯೂಯಲ್ ಇಂಜೆಕ್ಷನ್ ಇದೆ. ಬೆಂಡ್ ಪೈಪಿಗೆ ಚುಚ್ಚಿಕೊಂಡಿರುವ ಆಕ್ಸಿಜನ್ ಸೆನ್ಸರ್ ಹೊಗೆಯನ್ನು ಮೂಸಿ, ತೆಳುವಾಗಿದ್ದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ. ಇಸಿಯು ಪೆಟ್ರೋಲನ್ನು ಅಷ್ಟು ಹೆಚ್ಚಿಸುತ್ತದೆ. ಹಾಗಾಗಿ ಬೆಂಡ್ ಪೈಪ್ ಹಾಗೇ ಬಿಟ್ಟು, ಹಿಂದಿನ ಡಬ್ಬಿ ಮಾತ್ರ ಒಳ್ಳೆಯ ತಯಾರಕರ ಸ್ಲಿಪ್ ಆನ್‌ಗೆ ಬದಲಿಸಿದರೆ ಸಾಮಾನ್ಯವಾಗಿ ಟ್ಯೂನಿಂಗ್ ಬೇಕಾಗುವುದಿಲ್ಲ. ಆದರೆ ಈ ತಿದ್ದುಪಡಿಗೂ ಒಂದು ಮಿತಿಯಿದೆ. ಪೂರ್ತಿ ರೇಸ್ ಕೊಟ್ಟಾಗ ಇಸಿಯು ಸೆನ್ಸರಿನ ಮಾತು ಬಿಟ್ಟು, ತನ್ನಲ್ಲಿ ಬರೆದಿಟ್ಟ ಲೆಕ್ಕದ ಪ್ರಕಾರ ನಡೆಯುತ್ತದೆ. ಬೆಂಡ್ ಪೈಪಿನಿಂದ ಹಿಡಿದು ಎಲ್ಲವನ್ನೂ ಬದಲಿಸಿ, ಬಯಲು ಏರ್ ಫಿಲ್ಟರನ್ನೂ ಹಾಕಿದರೆ ಆ ಲೆಕ್ಕ ಹೊಂದುವುದಿಲ್ಲ. ಆಗ ಇಸಿಯು ರೀಮ್ಯಾಪ್ ಅಥವಾ ಫ್ಯೂಯಲ್ ಕಂಟ್ರೋಲರ್ ಬೇಕು. ಆ ಕೆಲಸಕ್ಕೆ ಎಂಜಿನ್ನಿನ ಶಕ್ತಿ ಅಳೆಯುವ ಡೈನೋ ಇರುವ ದೊಡ್ಡ ಊರಿಗೆ ಹೋಗಬೇಕು.

ಇಂಜೆಕ್ಷನ್ ಬೈಕಿನಲ್ಲೂ ಸಿಡಿತ ಬಂದರೆ ಮೊದಲು ನೋಡಬೇಕಾದದ್ದು ಗ್ಯಾಸ್ಕೆಟ್. ಬೆಂಡ್ ಪೈಪು ಸಿಲಿಂಡರ್ ಹೆಡ್ಡಿಗೆ ಕೂರುವ ಕಡೆ ಹಳೆಯ, ಚಪ್ಪಟೆಯಾದ ಗ್ಯಾಸ್ಕೆಟನ್ನೇ ಮತ್ತೆ ಹಾಕಿದರೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಹೊಗೆ ಹೊರಗೆ ನುಗ್ಗುವುದರ ಜೊತೆಗೆ, ಎರಡು ಉಸಿರಿನ ನಡುವೆ ಹೊರಗಾಳಿ ಒಳಗೂ ನುಗ್ಗುತ್ತದೆ. ಆ ಹೊರಗಾಳಿ ಸಿಕ್ಕ ಸೆನ್ಸರ್ "ತೆಳು" ಎಂದು ಸುಳ್ಳು ವರದಿ ಕೊಡುತ್ತದೆ. ಇಸಿಯು ಬೇಡದ ಪೆಟ್ರೋಲು ಸುರಿಯುತ್ತದೆ. ಆವರೇಜ್ ಇಳಿಯುತ್ತದೆ, ಸಿಡಿತವೂ ನಿಲ್ಲುವುದಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಜೋಡಣೆಗೆ ಸಾಬೂನು ನೀರು ಹಚ್ಚಿ ಸ್ಟಾರ್ಟ್ ಮಾಡಿದರೆ ಗುಳ್ಳೆ ಏಳುವುದು ಕಾಣುತ್ತದೆ. ಜೋಡಣೆಯ ಸುತ್ತ ಮಸಿಯ ಗೆರೆ ಕಂಡರೂ ಅದೇ ಅರ್ಥ. ಒಂದು ಹೊಸ ಗ್ಯಾಸ್ಕೆಟಿನಿಂದ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿಯ ಕಂಟ್ರೋಲರ್ ಕೊಂಡವರಿದ್ದಾರೆ.

ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ ಎಂದು ತಿಳಿಯದೆ ಏನನ್ನೂ ಕತ್ತರಿಸಬೇಡಿ. ಕೆಲವು ಬೈಕುಗಳಲ್ಲಿ ಅದು ಬೆಂಡ್ ಪೈಪಿನಲ್ಲಿರುತ್ತದೆ, ಕೆಲವಲ್ಲಿ ಸೈಲೆನ್ಸರಿನ ಹೊಟ್ಟೆಯೊಳಗೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಜೇನುಗೂಡಿನಂಥ ತುಂಡು ವಿಷಗಾಳಿಯನ್ನು ಅರಗಿಸುತ್ತದೆ. ಅದು ಹೋದರೆ ಹೊಗೆ ತಪಾಸಣೆಯ ಪ್ರಮಾಣಪತ್ರಕ್ಕೂ ಅರ್ಥ ಉಳಿಯುವುದಿಲ್ಲ.

ಟೂ ಸ್ಟ್ರೋಕ್ ಪ್ರೀತಿಸುವವರಿಗೆ ಇಲ್ಲಿ ಪ್ರತ್ಯೇಕವಾಗಿ ನಾಲ್ಕು ಮಾತು ಹೇಳಲೇಬೇಕು. 1985ರಲ್ಲಿ ಬಂದು 1996ರಲ್ಲಿ ನಿಂತ ಯಮಹಾ ಆರ್‌ಎಕ್ಸ್ 100 ಇವತ್ತಿಗೂ ನಮ್ಮ ಊರುಗಳಲ್ಲಿ ಮನೆಮಗನ ಹಾಗೆ ಇದೆ. 98 ಸಿಸಿ, 11 ಅಶ್ವಶಕ್ತಿ. ಆ ಪುಟ್ಟ ಎಂಜಿನ್ನಿನ ಚುರುಕಿಗೆ ಸೈಲೆನ್ಸರ್ ಅರ್ಧ ಕಾರಣ. ಟೂ ಸ್ಟ್ರೋಕಿನಲ್ಲಿ ಹೊಗೆಯ ದ್ವಾರಕ್ಕೆ ವಾಲ್ವು ಇಲ್ಲ. ಹೊಸ ಮಿಶ್ರಣ ಒಳಬರುವಾಗ ಹೊಗೆಯ ದ್ವಾರವೂ ತೆರೆದೇ ಇರುತ್ತದೆ, ಪೆಟ್ರೋಲು ಹಾಗೇ ಹೊರಗೆ ಓಡಿಹೋಗಲು ನೋಡುತ್ತದೆ. ಅದನ್ನು ತಡೆದು ಹಿಂದಕ್ಕೆ ತಳ್ಳುವುದು ಚೇಂಬರ್ ಎನ್ನುವ ಹೊಟ್ಟೆ ಉಬ್ಬಿದ ಪೈಪಿನೊಳಗಿನ ಅಲೆ. ಈ ಗುಟ್ಟನ್ನು ಪಳಗಿಸಿದವರು 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅವರ ರೇಸ್ ಸವಾರ ಎರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿನ ಹೊತ್ತಿಗೆ ದೇಶ ಬಿಟ್ಟು ಹೊರಟು, ಆ ವಿದ್ಯೆಯನ್ನು ಜಪಾನಿನ ಸುಜುಕಿಗೆ ಒಯ್ದ. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವಪ್ರಶಸ್ತಿ ಬಂತು. ಒಂದು ಪೈಪಿನ ಆಕಾರಕ್ಕೆ ಅಷ್ಟು ಬೆಲೆಯಿತ್ತು. ಅದೇ 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬೈಕು ತಯಾರಿಕೆ ಶುರು ಮಾಡಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದ ಆ ಜಾವಾ, ಮುಂದೆ ಬಂದ ಯೆಜ್ಡಿ ಓಡಿಸಿದ ಹಿರಿಯರನ್ನು ಕೇಳಿ ನೋಡಿ. ಒಳಗಿನ ಜಾಲಿ ಎಳೆದು ಹಾಕಿದರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ ಎಂದು ಅವರೇ ಹೇಳುತ್ತಾರೆ. ಆರ್‌ಎಕ್ಸಿಗೆ ಅಳತೆ ತಪ್ಪಿದ ಚೇಂಬರ್ ಹಾಕಿ, ಜೆಟ್ ಹಾಗೇ ಬಿಟ್ಟರೆ ಇನ್ನೂ ಕೇಡು. ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವ ಟೂ ಸ್ಟ್ರೋಕಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಮಿಶ್ರಣ ತೆಳುವಾದರೆ ತಂಪೂ ಕಡಿಮೆ. ಓಡುತ್ತಿದ್ದಂತೆಯೇ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಟೂ ಸ್ಟ್ರೋಕಿನಲ್ಲಿ ಪೈಪು ಬದಲಿಸಿದರೆ ಜೆಟ್ಟಿಂಗ್ ಮಾಡಲೇಬೇಕು, ಅದಕ್ಕೆ ಎರಡನೆಯ ಮಾತಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು? ಹಳೆಯ ಕ್ಲಾಸಿಕ್ 350ಕ್ಕೆ ಇದ್ದದ್ದು 19.8 ಅಶ್ವಶಕ್ತಿ, 2021ರ ಹೊಸದಕ್ಕೆ 20.2. ಒಳ್ಳೆಯ ಪೈಪು, ಸರಿಯಾದ ಟ್ಯೂನಿಂಗ್ ಎರಡೂ ಕೂಡಿದರೆ ಒಂದು ಅಶ್ವಶಕ್ತಿ ಹೆಚ್ಚಾದರೆ ಹೆಚ್ಚು. ತೂಕದಲ್ಲಿ ಕೆಲವು ಕಿಲೋ ಇಳಿಯುತ್ತದೆ, ಆ ಲಾಭ ಗಟ್ಟಿ. ಉಳಿದದ್ದು ಸದ್ದು.

ಸದ್ದಿನ ವಿಷಯಕ್ಕೆ ಬಂದರೆ ಈ ನಾಲ್ಕು ತಾಲೂಕನ್ನು ಬೇರೆ ಊರುಗಳ ಜೊತೆ ಹೋಲಿಸಲಾಗದು. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ ಆದ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಿಂದ ಕಾಳಿ ಎಂದು ಹೆಸರು. ನಿಮ್ಮಲ್ಲಿ ಹಲವರ ದಿನನಿತ್ಯದ ದಾರಿಯೇ ಅದರ ನಡುವೆ ಹಾದುಹೋಗುತ್ತದೆ. ದಾಂಡೇಲಿಯ ಟಿಂಬರ್ ಡಿಪೊ ಬಳಿ ಬೆಳಗಿನ ಹೊತ್ತು ನಿಂತವರಿಗೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಬೀಸು ಮರದೆತ್ತರದಿಂದಲೂ ಕೇಳುತ್ತದೆ. ಬೇಸಿಗೆಯಲ್ಲಿ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು, ಬಾಯಿಯನ್ನು ಕೊಕ್ಕು ತೂರುವಷ್ಟೇ ಬಿಟ್ಟು ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗೂ ಗಂಡು ತಂದುಕೊಡುವುದೇ ಆಹಾರ. ಗಂಡು ಬೆದರಿ ದೂರ ಉಳಿದಷ್ಟು ಹೊತ್ತು ಒಳಗಿನವರು ಕಾಯಬೇಕು. ಮುಂಡಗೋಡದವರಿಗೆ ಅತ್ತಿವೇರಿ ಪಕ್ಷಿಧಾಮ ಹತ್ತಿರವೇ ಇದೆ. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿಯನ್ ಕ್ಯಾಂಪಿನಲ್ಲಿ ಡ್ರೆಪುಂಗ್, ಗಾಡೆನ್ ಮಠಗಳ ಸಾವಿರಾರು ಭಿಕ್ಷುಗಳು ದಿನವಿಡೀ ಓದಿನಲ್ಲಿರುತ್ತಾರೆ.

ಇನ್ನು ಉಳವಿ. ಮಾಘದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿಗಳು ಸಾಲುಗಟ್ಟಿ ಇದೇ ರಸ್ತೆಗಳಲ್ಲಿ ಕಾಡು ಹೊಕ್ಕು ಬರುತ್ತವೆ. ಕೊರಳ ಗೆಜ್ಜೆ, ಕೋಡಿಗೆ ಬಣ್ಣ, ಗಾಡಿಯ ತುಂಬ ಹೆಂಗಸರು ಮಕ್ಕಳು. ಅಂಥ ಸಾಲಿನ ಪಕ್ಕದಲ್ಲಿ ರೇಸ್ ಬಿಟ್ಟ ಬೈಕೊಂದು ಪಟಾರ್ ಎಂದರೆ ನೊಗದಲ್ಲಿರುವ ಎತ್ತು ಬೆಚ್ಚುತ್ತದೆ, ಗಾಡಿ ರಸ್ತೆ ಬಿಟ್ಟು ಇಳಿಯುತ್ತದೆ. ಎತ್ತು ಕಟ್ಟಿ ಬೆಳೆದ ಮನೆಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸದ್ದು ಮಾಡುವವರು ವಾರಾಂತ್ಯಕ್ಕೆ ಬರುವ ಪ್ರವಾಸಿಗರು ಎಂಬ ಮಾತಿನಲ್ಲೂ ನಿಜವಿದೆ. ಊರಿನವರ ಬೈಕು ಹದವಾಗಿ ಓಡುತ್ತಿದ್ದರೆ ಹೊರಗಿನವರನ್ನು ನಿಲ್ಲಿಸಿ ಕೇಳುವ ಬಾಯಿ ನಮಗಿರುತ್ತದೆ.

ಬೆಂಕಿಯ ಭಯವೂ ಸಣ್ಣದಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹಳಿಯಾಳ, ಮುಂಡಗೋಡ ಕಡೆಯ ತೇಗದ ಕಾಡಿನಲ್ಲಿ ಒಣಗಿದ ಎಲೆ ಮೊಣಕಾಲಿನವರೆಗೆ ಬಿದ್ದಿರುತ್ತದೆ. ಜಾಲಿ ಕಿತ್ತ ಪೈಪಿನಿಂದ ಕೆಂಡದಂಥ ಮಸಿಯ ಚೂರು ಹಾರಬಹುದು. ತೆಳು ಮಿಶ್ರಣದಲ್ಲಿ ಕಾದ ಬೆಂಡ್ ಪೈಪಿನ ಬೈಕನ್ನು ತರಗೆಲೆಯ ಮೇಲೆ ನಿಲ್ಲಿಸಿದರೆ ಕಿಡಿಯೂ ಬೇಕಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಕಿಡಿ ತಡೆಯುವ ಜಾಲಿ ಇಲ್ಲದ ಬೈಕಿಗೆ ಕಾಡುದಾರಿಯಲ್ಲಿ ಪ್ರವೇಶವಿಲ್ಲ.

ಕಾನೂನು ಹೇಳುವುದನ್ನೂ ತಿಳಿದಿರಬೇಕು. 175 ಸಿಸಿಗಿಂತ ದೊಡ್ಡ ಬೈಕು ಹಾದುಹೋಗುವಾಗಿನ ಸದ್ದಿಗೆ ತಯಾರಕರ ಮೇಲಿರುವ ಮಿತಿ 80 ಡೆಸಿಬೆಲ್, 80ರಿಂದ 175 ಸಿಸಿಯವರೆಗೆ 77. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿ ಅನಿಸುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಂಥ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಶಬ್ದ, ಹೊಗೆಯ ಮಿತಿ ಮೀರಿದರೆ 190ನೆಯ ಕಲಮಿನಲ್ಲಿ 10,000 ರೂಪಾಯಿವರೆಗೆ ದಂಡ ಮತ್ತು ಮೂರು ತಿಂಗಳು ಲೈಸೆನ್ಸ್ ರದ್ದು. ಬೆಂಗಳೂರು, ಶಿವಮೊಗ್ಗದಂಥ ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಹಾಸಿ ರೋಡ್ ರೋಲರ್ ಹರಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಕೂಲಿ ದುಡಿದು ಕೂಡಿಟ್ಟ ಹಣ ಅಲ್ಲಿ ತಗಡಾಗುವುದು ಕಂಡರೆ ಹೊಟ್ಟೆ ಉರಿಯುತ್ತದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ಕ್ಲೇಮಿನಲ್ಲೂ ತಗಾದೆ ತರಬಹುದು. ಬದಲಿಸಲೇಬೇಕು ಅನಿಸಿದವರಿಗೆ ಹತ್ತಿರದ ದಾರಿ ಎಂದರೆ, ಬೈಕಿನ ಕಂಪನಿಯೇ ಬಿಲ್ಲು ಕೊಟ್ಟು ಮಾರುವ, ಜಾಲಿ ಸಮೇತ ಇರುವ ಸೈಲೆನ್ಸರ್ ಕೊಳ್ಳುವುದು, ಆ ಜಾಲಿಯನ್ನು ಮನೆಗೆ ಬಂದು ಕೀಳದಿರುವುದು.

ಕೊನೆಯದಾಗಿ, ಬಿಚ್ಚಿದ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ದಾಂಡೇಲಿಯ ಕೆಎ-65 ಕಚೇರಿಗೋ ಶಿರಸಿಯ ಕೆಎ-31ಕ್ಕೋ ಬೈಕು ಒಯ್ಯುವ ದಿನ ಅದು ಬೇಕಾಗುತ್ತದೆ. ಬೈಕು ಮಾರುವ ದಿನವೂ ಕೊಳ್ಳುವವನು ಅದನ್ನೇ ಕೇಳುತ್ತಾನೆ. ಒಳಗಿನ ನೀರು ಬಸಿದು, ಒಂದು ದಿನ ಬಿಸಿಲಿಗಿಟ್ಟು, ಹೊರಮೈಗೆ ಹಳೆಯ ಎಂಜಿನ್ ಆಯಿಲ್ ತೆಳ್ಳಗೆ ಸವರಿ, ಗೋಣಿಚೀಲ ಸುತ್ತಿ ಅಟ್ಟದ ಮೇಲಿಡಿ. ಜೋಯಿಡಾದ ಮಳೆಗಾಲಕ್ಕೆ ಬರಿ ಕಬ್ಬಿಣ ಒಂದೇ ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ಎರಡೂ ಬಾಯಿಗೆ ಬಟ್ಟೆ ತುರುಕಲು ಮರೆಯಬೇಡಿ, ಇಲ್ಲದಿದ್ದರೆ ಕಣಜ ಹೊಕ್ಕು ಒಳಗೆ ಮಣ್ಣಿನ ಗೂಡು ಕಟ್ಟಿಬಿಡುತ್ತದೆ.

ಇಂತಿ,
ಇದೇ ರಸ್ತೆಗಳಲ್ಲಿ ಓಡಾಡುವ ಒಬ್ಬ ಸವಾರ